ರಾಳದ ಫೋಲ್ಡರು

ಕುರೆಸ್ಸಾರೆಯ ದೋಣಿಕಟ್ಟೆಯ ಮೇಲೊಂದು ಕೋಣೆ.
ಒಳಗೆ ವಿರ್ವೆ, ಒಂದು ಹಳೆಯ ಕಂಪ್ಯೂಟರು,
ಗೋಡೆಗೆ ಹಲಗೆ, ಹಲಗೆಯ ತುಂಬ ಮೊಳೆ,
ಮೊಳೆಮೊಳೆಗೂ ರಿಪೇರಿಗೆ ಬಂದ ದೋಣಿಯ ಕೀಲಿ.
ಯಾರ ಕೀಲಿ ಎಲ್ಲಿಗೆ ಎಂದು
ಮೊಳೆ ಯಾವತ್ತೂ ತಕರಾರು ಮಾಡಿದ್ದಿಲ್ಲ.
ಅವಸರದವರದ್ದು ಬಾಗಿಲ ಪಕ್ಕ,
ದುಡ್ಡು ಕೊಡದವರದ್ದು ಮೂಲೆಗೆ,
ಸತ್ತವರದ್ದು ಎಲ್ಲಕ್ಕೂ ಮೇಲೆ, ಕೈಗೆಟುಕದ ಹಾಗೆ.

ಈ ಮೇಲ್ ಪೆಟ್ಟಿಗೆಗೆ ಮಾತ್ರ ವರ್ಣಮಾಲೆಯೇ ವೇದ.
ಫೋಲ್ಡರೊಂದನ್ನು ಹಿಡಿದು ಮೇಲಕ್ಕೆಳೆದರೆ
ಬೆರಳು ಬಿಟ್ಟ ಕೂಡಲೇ ಜಾರಿ ತನ್ನ ಜಾಗಕ್ಕೇ.
ಇಲ್ಲವೇ ಪಕ್ಕದ್ದರ ಹೊಟ್ಟೆಯೊಳಕ್ಕೆ, ಸದ್ದಿಲ್ಲದೆ.
ಮೊನ್ನೆ ತೆರಿಗೆ ಹೋಗಿ ಹುಟ್ಟುಹಬ್ಬದೊಳಗೆ ಬಿತ್ತು.
ಒಂದೂವರೆ ಗಂಟೆ ಹುಡುಕಿದಳು.
ಕಾಫಿ ಆರಿತು, ಹೊರಗೆ ಮಂಜು ನಿಂತಿತು,
ಮೇಜಿನ ಮೇಲಿನ ಇಲಿಗೆ
ಹೆತ್ತವಳನ್ನು ಸೇರಿಸಿ ಬೈದಳು.

ಅಕ್ಕ ಒನ್ನೆಯ ಹೆಸರು ಶುರುವಾಗುವುದು
ತಲೆಯ ಮೇಲೆ ಪುಟ್ಟ ಅಲೆ ಹೊತ್ತ ಅಕ್ಷರದಿಂದ.
ಅವರ ಮಾಲೆಯಲ್ಲಿ ಅದಕ್ಕೆ ಜಾಗ ಬಾಲದ ಹತ್ತಿರ.
ಈ ದ್ವೀಪದವರ ನಾಲಿಗೆಗಂತೂ ಅದು ಹೊರಳುವುದೇ ಇಲ್ಲ,
ಟಾಲಿನ್ನಿಗೆ ಹೋದರೆ ಅಂಗಡಿಯವರು ನಗುತ್ತಾರೆ.
ಆದರೂ ಅಕ್ಕ ಎಲ್ಲರಿಗಿಂತ ಕೆಳಗೆ ಕೂರುವುದೆ?
ಜಗಳವಾಡಿದ್ದು ನಿಜ, ಅಪ್ಪನ ದೋಣಿ ಮಾರಿದ್ದಕ್ಕೆ.
ಎರಡು ಚಳಿಗಾಲ ಮಾತಿಲ್ಲದೆ ಹೋದದ್ದೂ ನಿಜ.
ಆದರೂ.

ಹೆಸರಿನ ಮುಂದೆ ಸೊನ್ನೆ ಒಂದು ಅಂಟಿಸಿದಳು.
ಏರಿತು! ಬೆಕ್ಕು ಬೀರುವಿನ ಮೇಲೇರಿದಂತೆ.
ಸರಿ, ಸೊನ್ನೆ ಎರಡು ಬ್ಯಾಂಕು, ಸೊನ್ನೆ ಮೂರು ಬಣ್ಣ,
ಸೊನ್ನೆ ನಾಲ್ಕು ಎಂಜಿನ್ನು.
ಆಗ ಮೂರಕ್ಕೂ ನಾಲ್ಕಕ್ಕೂ ನಡುವೆ
ವಿಮೆಯವನು ಬಂದು ನಿಂತ.
ಎಲ್ಲಕ್ಕೂ ಹೊಸ ಅಂಕಿ ಬರೆಯುತ್ತಿರುವಾಗ
ಕಾಲ್ಯು ಬಾಗಿಲಲ್ಲಿ ತಲೆ ತೂರಿಸಿ ಕೀಲಿ ಕೇಳಿದ.
ತಿರುಗಿ ನೋಡದೆ ಕೈ ಚಾಚಿ ತೆಗೆದುಕೊಟ್ಟಳು.
ಅವನದ್ದೇ.

ಹಿಂದಿನ ಬೇಸಿಗೆ ಕೆಲಸಕ್ಕಿದ್ದ ಹುಡುಗ
ಪೆಟ್ಟಿಗೆಗೊಂದು ನಿಯಮ ಕಲಿಸಿ ಹೋಗಿದ್ದ:
ವಾಯ್ಕ್ ಎಂದು ಎಲ್ಲಿ ಕಂಡರೂ
ಎತ್ತಿ ವಾಯ್ಕ್ ಫೋಲ್ಡರಿಗೆ ಹಾಕು.
ವಾಯ್ಕ್ ಅಂದರೆ ರಾಳ,
ದೋಣಿಯ ಬಿರುಕಿಗೆ ತುಂಬುವ ಅಂಟು.
ದಿನಕ್ಕೆ ಮೂರು ಜಾಹೀರಾತು. ಯಾರು ಓದುತ್ತಾರೆ.

ಮಾರ್ಚಿನಲ್ಲಿ ಮಂಜುಗಡ್ಡೆ ಸೀಳುವ ಹೊತ್ತಿಗೆ
ಒಂದು ಹಳೆಯ ಬಿಲ್ಲು ಬೇಕಾಯಿತು.
ಪಟ್ಟಿಯ ತಳಕ್ಕಿಳಿದು ರಾಳ ತೆರೆದಳು.
ನಾನೂರ ಹನ್ನೆರಡು ಓದದ ಓಲೆ,
ಅವುಗಳ ನಡುವೆ, ಅಕ್ಟೋಬರಿನದು, ಒನ್ನೆ.

"ಟಾರ್ಟುವಿನಲ್ಲಿ ಈಚೆಗೆ ವಾಯ್ಕುಸ್ ಜಾಸ್ತಿ.
ಅಡುಗೆಮನೆಯ ನಲ್ಲಿ ಸೋರುತ್ತದೆ, ಅದೊಂದೇ ಮಾತು.
ಅಪ್ಪನ ಹುಟ್ಟು ಒಂದು ನನ್ನಲ್ಲೇ ಉಳಿದಿದೆ.
ನಿನಗೆ ಬೇಕೆ?"

ವಾಯ್ಕುಸ್ ಅಂದರೆ ಮೌನ.
ಯಂತ್ರ ಅದರ ಮೊದಲ ನಾಲ್ಕು ಅಕ್ಷರ ಓದಿ
ರಾಳವೆಂದುಕೊಂಡಿತ್ತು.

ವಿರ್ವೆ ಸೊನ್ನೆ ಒಂದನ್ನು ಅಳಿಸಿದಳು.
ಒನ್ನೆ ಮೇಲಿಂದ ಸರ್ರನೆ ಇಳಿದು
ನಿಂತದ್ದು ವಾಯ್ಕ್‌ನ ಕೆಳಗೆ, ಮೈಗೆ ಮೈ ತಾಗಿ.
ಮೊದಲೇ ಸುಮ್ಮನೆ ಬಿಟ್ಟಿದ್ದರೆ
ಕಣ್ಣಿಗೆ ಬೀಳುತ್ತಿತ್ತೇನೋ. ಇಲ್ಲವೇನೋ.

ಐದು ತಿಂಗಳ ತಡಕ್ಕೆ ಏನು ಬರೆಯುವುದು?
ತುಂಬಾ ಬರೆದಳು, ತುಂಬಾ ಅಳಿಸಿದಳು.
"ಬೇಕು. ಎಡಗಡೆಯದೋ, ಬಲಗಡೆಯದೋ?"
ಇಷ್ಟು ಕಳಿಸಿದಳು.

ನಿಯಮ ತೆಗೆಯಲು ಹೋದರೆ
ಅದು ಯಾವ ಮೆನುವಿನಲ್ಲಿದೆಯೋ ಸಿಗಲಿಲ್ಲ.
ಈಗ ದಿನಾ ಬಂದವಳೇ, ಕೋಟು ಬಿಚ್ಚುವ ಮೊದಲು
ರಾಳ ತೆರೆದು ನೋಡುತ್ತಾಳೆ.
ಇವತ್ತು ಎರಡು ಡಬ್ಬಕ್ಕೆ ಒಂದು ಬ್ರಷ್ಷು ಬಿಟ್ಟಿಯಂತೆ.